ಇತಿಹಾಸದ ವ್ಯಕ್ತಿಯೊಬ್ಬರು ಫ್ರೀಮೇಸನ್ ಆಗಿದ್ದರೇ? ದಾಖಲೆ ಹಿಡಿದು ತಿಳಿಯುವ ಕ್ರಮ

ವಾಷಿಂಗ್ಟನ್ ಫ್ರೀಮೇಸನ್ ಅಂತೆ, ನ್ಯೂಟನ್ ಕೂಡ ಅಂತೆ. ನೆಪೋಲಿಯನ್? ಲಿಂಕನ್? ವಿವೇಕಾನಂದರೂ ಹೌದಂತೆ, ನಿಜವೇ? ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆಗಳಿವು. ಒಂದೊಂದು ಹೆಸರಿಗೂ ಹೌದು, ಅಲ್ಲ ಎನ್ನುತ್ತಾ ಹೋದರೆ ಅದಕ್ಕೆ ಕೊನೆಯಿಲ್ಲ. ಯಾವ ಹೆಸರನ್ನಾದರೂ ನೀವೇ ಒರೆಗೆ ಹಚ್ಚಿ ನೋಡಬಹುದಾದ ಕ್ರಮವನ್ನು ಇಲ್ಲಿ ಹಂತ ಹಂತವಾಗಿ ಕೊಟ್ಟಿದ್ದೇವೆ.

ಫ್ರೀಮೇಸನ್ ಎಂದರೆ ಫ್ರೀಮೇಸನ್ರಿ ಎಂಬ ಹಳೆಯ ಸೋದರ ಸಂಘದ ಸದಸ್ಯ. ಆ ಸದಸ್ಯತ್ವ ಅಭಿಪ್ರಾಯಕ್ಕೆ ಬಿಟ್ಟ ವಿಷಯವಲ್ಲ. ಆ ವ್ಯಕ್ತಿ ಒಂದು ಗೊತ್ತಾದ ದಿನ, ಒಂದು ಊರಿನ ಒಂದು ಲಾಡ್ಜ್‌ನಲ್ಲಿ, ಶುಲ್ಕ ಕಟ್ಟಿ ದೀಕ್ಷೆ ಪಡೆದಿರಬೇಕು. ಯಾರೋ ಕಾರ್ಯದರ್ಶಿ ಅದನ್ನು ಪುಸ್ತಕದಲ್ಲಿ ಬರೆದಿಟ್ಟಿರಬೇಕು. ದಿನಾಂಕ, ಊರು, ಲಾಡ್ಜ್, ದಾಖಲೆ ಈ ನಾಲ್ಕೂ ಸಿಕ್ಕರೆ ಮಾತು ಮುಗಿಯಿತು. ಸಿಗದಿದ್ದರೆ, ಹೇಳಿದವರು ಎಷ್ಟೇ ದೊಡ್ಡವರಾಗಿರಲಿ, ಅದು ಅಂತೆಕಂತೆಯಷ್ಟೆ.

ಮೊದಲು ತಿಳಿದಿರಬೇಕಾದ ಪದಗಳು

ಲಾಡ್ಜ್ ಎಂದರೆ ಸದಸ್ಯರ ಸ್ಥಳೀಯ ಕೂಟ, ಕಟ್ಟಡವಲ್ಲ. ಹಲವು ಲಾಡ್ಜ್‌ಗಳ ಮೇಲಿನ ಆಡಳಿತ ಸಂಸ್ಥೆಯೇ ಗ್ರ್ಯಾಂಡ್ ಲಾಡ್ಜ್. ಫ್ರಾನ್ಸ್, ಇಟಲಿಗಳಲ್ಲಿ ಗ್ರ್ಯಾಂಡ್ ಓರಿಯಂಟ್ ಎಂಬ ಹೆಸರೂ ಇದೆ. ಲಾಡ್ಜ್ ನಡೆಸಲು ಗ್ರ್ಯಾಂಡ್ ಲಾಡ್ಜ್ ಕೊಡುವ ಅಧಿಕಾರಪತ್ರವೇ ಸನ್ನದು. ಸದಸ್ಯತ್ವಕ್ಕೆ ಮೂರು ದರ್ಜೆಗಳು: ಎಂಟರ್ಡ್ ಅಪ್ರೆಂಟಿಸ್, ಫೆಲೋಕ್ರಾಫ್ಟ್, ಮಾಸ್ಟರ್ ಮೇಸನ್. ಮೊದಲ ದರ್ಜೆಗೆ ಸೇರಿಸಿಕೊಳ್ಳುವ ವಿಧಿಯೇ ದೀಕ್ಷೆ.

ಇಲ್ಲಿ ಎರಡು ಕಡೆ ಎಡವುವವರು ಬಹಳ. ಮಾಸ್ಟರ್ ಮೇಸನ್ ಎಂದರೆ ಮೂರೂ ದರ್ಜೆ ಮುಗಿಸಿದ ಸದಸ್ಯ. ಲಾಡ್ಜ್‌ನ ಮಾಸ್ಟರ್ ಎಂದರೆ ಆ ಅವಧಿಗೆ ಆಯ್ಕೆಯಾದ ಅಧ್ಯಕ್ಷ. ಮೊದಲನೆಯದನ್ನು ಓದಿ ಎರಡನೆಯದನ್ನು ಬರೆದುಬಿಡುತ್ತಾರೆ. ಇನ್ನು 33ನೇ ದರ್ಜೆ. ಅದು ಸ್ಕಾಟಿಷ್ ರೈಟ್ ಎಂಬ ಪೂರಕ ವ್ಯವಸ್ಥೆಗೆ ಸೇರಿದ್ದು. ಆ ದರ್ಜೆ ಪಡೆದವರಿಗೆ ಲಾಡ್ಜ್‌ಗಳ ಮೇಲೆ ಯಾವ ಅಧಿಕಾರವೂ ಬರುವುದಿಲ್ಲ. ಒಂದು ದೇಶದ ಫ್ರೀಮೇಸನ್‌ಗಳನ್ನೆಲ್ಲ ಆಳುವ ಗುಪ್ತ ನಾಯಕ ಎಂಬ ಅರ್ಥದಲ್ಲಿ ಅದನ್ನು ಬಳಸಿದ ಬರಹ ಕಂಡರೆ, ಉಳಿದ ಮಾತುಗಳನ್ನೂ ಎಚ್ಚರದಿಂದಲೇ ಓದಿ.

ಹುಡುಕಾಟಕ್ಕೆ ಕೂರುವ ಮುನ್ನ ವ್ಯಕ್ತಿಯ ಹುಟ್ಟುಹೆಸರು, ಜನನ ಮರಣದ ದಿನಾಂಕ, ಯಾವ ವರ್ಷ ಯಾವ ಊರಿನಲ್ಲಿದ್ದರು ಎಂಬ ಪಟ್ಟಿ, ಆಯಾ ಕಾಲದ ಉದ್ಯೋಗ, ಇಷ್ಟನ್ನು ಒಂದು ಹಾಳೆಯಲ್ಲಿ ಬರೆದುಕೊಳ್ಳಿ. ಊರಿನ ಪಟ್ಟಿಯೊಂದೇ ಅರ್ಧಕ್ಕರ್ಧ ಸುಳ್ಳು ಹೇಳಿಕೆಗಳನ್ನು ಉದುರಿಸುತ್ತದೆ.

ಹಂತ 1: ಹೇಳಿಕೆಯನ್ನು ಪೂರ್ತಿ ವಾಕ್ಯವಾಗಿ ಬರೆಯಿರಿ

'ಮೊಜಾರ್ಟ್ ಫ್ರೀಮೇಸನ್' ಎಂಬುದನ್ನು ಪರಿಶೀಲಿಸಲು ಎಲ್ಲಿಂದ ಶುರು ಮಾಡುವುದು? 'ಮೊಜಾರ್ಟ್ 1784ರ ಡಿಸೆಂಬರ್ 14ರಂದು ವಿಯೆನ್ನಾದ ತ್ಸೂರ್ ವೋಲ್‌ಟೇಟಿಗ್‌ಕೈಟ್ ಲಾಡ್ಜ್‌ನಲ್ಲಿ ದೀಕ್ಷೆ ಪಡೆದರು' ಎಂದು ಬರೆದುಕೊಂಡರೆ ಎಲ್ಲಿ ನೋಡಬೇಕು ಎಂಬುದು ತಾನೇ ಗೊತ್ತಾಗುತ್ತದೆ. ನಿಮ್ಮ ಕೈಗೆ ಸಿಕ್ಕ ಬರಹದಲ್ಲಿ ಲಾಡ್ಜ್ ಹೆಸರಿಲ್ಲದಿದ್ದರೆ ಆ ಜಾಗವನ್ನು ಖಾಲಿ ಬಿಡಿ, ಊಹಿಸಿ ತುಂಬಬೇಡಿ. ಹತ್ತಾರು ಕಡೆ ಹುಡುಕಿದ ಮೇಲೂ ಯಾರೊಬ್ಬರೂ ಲಾಡ್ಜ್ ಹೆಸರು ಹೇಳಿಲ್ಲ ಎಂದಾದರೆ, ಎಲ್ಲರೂ ಒಬ್ಬರನ್ನೊಬ್ಬರು ನಕಲು ಮಾಡಿದ್ದಾರೆ ಎಂದು ತಿಳಿಯಿರಿ.

ಹಂತ 2: ಕಾಲ ಹೊಂದುತ್ತದೆಯೇ ನೋಡಿ

ಸಂಘಟಿತ ಫ್ರೀಮೇಸನ್ರಿಯ ಆರಂಭವನ್ನು ಸಾಮಾನ್ಯವಾಗಿ 1717ರ ಜೂನ್ 24ಕ್ಕೆ ಗುರುತಿಸುತ್ತಾರೆ. ಅಂದು ಲಂಡನ್ನಿನ ನಾಲ್ಕು ಲಾಡ್ಜ್‌ಗಳು ಗೂಸ್ ಅಂಡ್ ಗ್ರಿಡಿರನ್ ಎಂಬ ಪಾನಗೃಹದಲ್ಲಿ ಸೇರಿ ಗ್ರ್ಯಾಂಡ್ ಲಾಡ್ಜ್ ಕಟ್ಟಿದವು ಎಂಬುದು ರೂಢಿಯ ಇತಿಹಾಸ. ಅದು ನಡೆದದ್ದು 1721ರಲ್ಲಿ ಎಂದು ವಾದಿಸುವ ಸಂಶೋಧಕರೂ ಇದ್ದಾರೆ. ಐರ್ಲೆಂಡಿನ ಗ್ರ್ಯಾಂಡ್ ಲಾಡ್ಜ್ 1725ರದ್ದು, ಸ್ಕಾಟ್ಲೆಂಡಿನದು 1736ರದ್ದು. ಲಿಯೊನಾರ್ಡೊ ಡಾ ವಿಂಚಿಯಂಥವರ ಹೆಸರನ್ನು ಇಲ್ಲಿಯೇ ಕೈಬಿಡಿ.

ಹಾಗೆಂದು 1717ಕ್ಕೆ ಹಿಂದೆ ಏನೂ ಇರಲಿಲ್ಲ ಎಂದಲ್ಲ. ರಾಬರ್ಟ್ ಮೋರೆ 1641ರ ಮೇ 20ರಂದು ನ್ಯೂಕಾಸಲ್‌ನಲ್ಲಿ ಸೇರಿದ್ದು ಎಡಿನ್‌ಬರೊ ಲಾಡ್ಜ್‌ನ ದಾಖಲೆಯಲ್ಲಿದೆ. ಇಲಿಯಾಸ್ ಆಶ್‌ಮೋಲ್ 1646ರ ಅಕ್ಟೋಬರ್ 16ರ ಸಂಜೆ ನಾಲ್ಕೂವರೆಗೆ ವಾರಿಂಗ್ಟನ್‌ನಲ್ಲಿ ಫ್ರೀಮೇಸನ್ ಆದೆನೆಂದು ತಮ್ಮ ದಿನಚರಿಯಲ್ಲಿ ಗಂಟೆಯ ಸಮೇತ ಬರೆದಿಟ್ಟಿದ್ದಾರೆ. 17ನೇ ಶತಮಾನದ ವ್ಯಕ್ತಿಗೆ ಈ ಮಟ್ಟದ ಬರಹ ಬೇಕು. ವಾಸ್ತುಶಿಲ್ಪಿ ಕ್ರಿಸ್ಟೋಫರ್ ರೆನ್ ವಿಷಯ ನೋಡಿ: ಸಮಕಾಲೀನರಾದ ಜಾನ್ ಆಬ್ರಿ 1691ರಲ್ಲಿ, ಸೇಂಟ್ ಪಾಲ್ಸ್‌ನಲ್ಲಿ ಸಭೆಯೊಂದು ಸೇರಲಿದೆ, ರೆನ್ ಅವರನ್ನು ಅಲ್ಲಿ ಸೇರಿಸಿಕೊಳ್ಳಲಿದ್ದಾರೆ ಎಂದು ಬರೆದರು. ನಡೆಯಲಿರುವ ಸಂಗತಿ ನಡೆಯಿತೋ ಇಲ್ಲವೋ ಎಂಬುದು ಆ ಟಿಪ್ಪಣಿಯಿಂದ ತಿಳಿಯುವುದಿಲ್ಲ. ಇದು ಸಾಧ್ಯತೆಯ ಸಾಲಿಗೆ ಸೇರುವ ಪ್ರಕರಣ.

ನ್ಯೂಟನ್ ಸತ್ತದ್ದು 1727ರಲ್ಲಿ, ಕಾಲ ಹೊಂದುತ್ತದೆ. ಅವರ ಸಹವರ್ತಿ ಜಾನ್ ಡೆಸಗೂಲಿಯೆ 1719ರಲ್ಲಿ ಗ್ರ್ಯಾಂಡ್ ಮಾಸ್ಟರ್, ಅಂದರೆ ಗ್ರ್ಯಾಂಡ್ ಲಾಡ್ಜ್‌ನ ಮುಖ್ಯಸ್ಥ, ಆಗಿದ್ದರು. ಆದರೆ ನ್ಯೂಟನ್ ಹೆಸರಿಗೆ ಲಾಡ್ಜ್ ಇಲ್ಲ, ದಿನಾಂಕವಿಲ್ಲ. ಗೆಳೆಯನ ಸದಸ್ಯತ್ವವನ್ನು ಗೆಳೆಯನ ಲೆಕ್ಕಕ್ಕೇ ಬರೆಯಬೇಕು.

ವಯಸ್ಸನ್ನೂ ನೋಡಿ. ಇಂಗ್ಲಿಷ್ ಲಾಡ್ಜ್‌ಗಳಲ್ಲಿ ರೂಢಿಯ ಕನಿಷ್ಠ ವಯಸ್ಸು 21 ಆಗಿತ್ತು. ಅದಕ್ಕಿಂತ ಚಿಕ್ಕವರು ಕಂಡರೆ ತಕ್ಷಣ ತಳ್ಳಿಹಾಕಬೇಡಿ, ವಿನಾಯಿತಿ ಇರುತ್ತಿತ್ತು. ರಡ್ಯಾರ್ಡ್ ಕಿಪ್ಲಿಂಗ್ 1886ರಲ್ಲಿ ಲಾಹೋರಿನ ಹೋಪ್ ಅಂಡ್ ಪರ್ಸಿವೆರೆನ್ಸ್ ಲಾಡ್ಜ್, ಸಂಖ್ಯೆ 782ಕ್ಕೆ ಸೇರಿದಾಗ 20 ವರ್ಷ. ವಾಷಿಂಗ್ಟನ್ ದೀಕ್ಷೆ ಪಡೆದಾಗಲೂ 20 ತುಂಬಿತ್ತಷ್ಟೆ.

ಹಂತ 3: ಯಾವ ಗ್ರ್ಯಾಂಡ್ ಲಾಡ್ಜ್‌ನ ಕಡತ?

ಹೆಚ್ಚಿನವರು ದಾರಿ ತಪ್ಪುವುದು ಇಲ್ಲಿ. ಜಗತ್ತಿಗೆಲ್ಲ ಒಂದೇ ಕೇಂದ್ರ ಕಚೇರಿ ಇದೆ, ಅಲ್ಲಿ ಎಲ್ಲರ ಹೆಸರೂ ಇರುತ್ತದೆ ಎಂದುಕೊಂಡು ಒಂದೇ ಕಡೆ ಹುಡುಕಿ ಬಿಡುತ್ತಾರೆ. ಅಂಥ ಕಚೇರಿ ಎಂದೂ ಇರಲಿಲ್ಲ.

ಇಂಗ್ಲೆಂಡಿನಲ್ಲಿ 1751ರಿಂದ 'ಏನ್‌ಷಂಟ್ಸ್' ಎಂಬ ಎದುರಾಳಿ ಗ್ರ್ಯಾಂಡ್ ಲಾಡ್ಜ್ ಇತ್ತು. ಎರಡೂ ಒಂದಾಗಿ ಯುನೈಟೆಡ್ ಗ್ರ್ಯಾಂಡ್ ಲಾಡ್ಜ್ ಆದದ್ದು 1813ರ ಡಿಸೆಂಬರ್ 27ರಂದು. ಆದ್ದರಿಂದ ಈ ನಡುವಿನ ಅವಧಿಯ ಹೆಸರಿಗೆ ಎರಡೂ ಕಡೆಯ ರಿಜಿಸ್ಟರ್ ನೋಡಬೇಕು. ಅಮೆರಿಕದಲ್ಲಿ ರಾಷ್ಟ್ರಮಟ್ಟದ ಗ್ರ್ಯಾಂಡ್ ಲಾಡ್ಜ್ ಇಲ್ಲ. ಒಂದೊಂದು ರಾಜ್ಯಕ್ಕೂ ಅದರದೇ ಇದೆ. ಟ್ರೂಮನ್ ಬೇಕಾದರೆ ಮಿಸೌರಿಗೆ ಹೋಗಬೇಕು, ಫ್ರಾಂಕ್ಲಿನ್ ರೂಸ್‌ವೆಲ್ಟ್ ಬೇಕಾದರೆ ನ್ಯೂಯಾರ್ಕಿಗೆ.

ಅಮೆರಿಕದ ಕಪ್ಪು ಜನರ ಫ್ರೀಮೇಸನ್ರಿಯದು ಬೇರೆಯೇ ಸಾಲು. ಬಾಸ್ಟನ್ನಿನ ಪ್ರಿನ್ಸ್ ಹಾಲ್ ಮತ್ತು ಸಂಗಡಿಗರಿಗೆ ಅಲ್ಲಿನ ಬಿಳಿಯರ ಲಾಡ್ಜ್‌ಗಳು ಬಾಗಿಲು ತೆರೆಯಲಿಲ್ಲ. 1784ರಲ್ಲಿ ಇಂಗ್ಲೆಂಡಿನಿಂದಲೇ ಆಫ್ರಿಕನ್ ಲಾಡ್ಜ್, ಸಂಖ್ಯೆ 459ಕ್ಕೆ ಸನ್ನದು ತರಿಸಿಕೊಂಡರು. ಅದರಿಂದ ಬೆಳೆದ ಪ್ರಿನ್ಸ್ ಹಾಲ್ ಗ್ರ್ಯಾಂಡ್ ಲಾಡ್ಜ್‌ಗಳ ಕಡತಗಳು ಪ್ರತ್ಯೇಕ. ಡ್ಯೂಕ್ ಎಲಿಂಗ್ಟನ್, ನ್ಯಾಯಮೂರ್ತಿ ಥರ್ಗುಡ್ ಮಾರ್ಷಲ್ ಅವರ ಹೆಸರು ಅಲ್ಲಿ ಸಿಗುತ್ತದೆ. ಆಯಾ ರಾಜ್ಯದ ಇನ್ನೊಂದು ಗ್ರ್ಯಾಂಡ್ ಲಾಡ್ಜ್‌ನಲ್ಲಿ ಹುಡುಕಿ 'ದಾಖಲೆ ಇಲ್ಲ' ಎಂದು ಬರೆದರೆ ಅದು ನಿಮ್ಮ ತಪ್ಪಾಗುತ್ತದೆ.

ಭಾರತದ ಗ್ರ್ಯಾಂಡ್ ಲಾಡ್ಜ್ ಸ್ಥಾಪನೆಯಾದದ್ದು 1961ರ ನವೆಂಬರ್ 24ರಂದು. ಅದಕ್ಕೂ ಹಿಂದಿನ ಲಾಡ್ಜ್‌ಗಳು ಇಂಗ್ಲೆಂಡ್, ಸ್ಕಾಟ್ಲೆಂಡ್ ಅಥವಾ ಐರ್ಲೆಂಡಿನ ಸನ್ನದಿನಡಿ ನಡೆಯುತ್ತಿದ್ದವು. ಒಂದೇ ಊರಿನಲ್ಲಿ ಎರಡು ಸನ್ನದುಗಳ ಲಾಡ್ಜ್‌ಗಳು ಅಕ್ಕಪಕ್ಕ ಇರುತ್ತಿದ್ದವು. ಮುಂಬಯಿಯಲ್ಲಿ ಭಾರತೀಯರನ್ನು ಸೇರಿಸಿಕೊಳ್ಳಲೆಂದೇ 1843ರಲ್ಲಿ ಹುಟ್ಟಿದ ರೈಸಿಂಗ್ ಸ್ಟಾರ್ ಆಫ್ ವೆಸ್ಟರ್ನ್ ಇಂಡಿಯಾ ಲಾಡ್ಜ್ ಸ್ಕಾಟ್ಲೆಂಡಿನದು. ಆ ಕಾಲದ ಪಾರ್ಸಿ ವರ್ತಕರೊಬ್ಬರ ಹೆಸರು ಲಂಡನ್ನಿನಲ್ಲಿ ಸಿಗದಿದ್ದರೆ ಎಡಿನ್‌ಬರೊ ಕಡೆ ತಿರುಗಿ.

ಮಹಿಳೆಯರ ವಿಷಯಕ್ಕೆ ಬಂದರೆ, ಲಂಡನ್ನಿನ ಗ್ರ್ಯಾಂಡ್ ಲಾಡ್ಜ್ ಪುರುಷರನ್ನಷ್ಟೇ ಸೇರಿಸಿಕೊಳ್ಳುತ್ತದೆ. ಹೆಂಗಸರು ಗಂಡಸರು ಇಬ್ಬರಿಗೂ ತೆರೆದ ಲ ದ್ರುವಾ ಯುಮೆಂ ಎಂಬ ಸಂಸ್ಥೆಯನ್ನು ಮರಿಯಾ ದೆರೇಮ್ ಮತ್ತು ಜಾರ್ಜ್ ಮಾರ್ತೆಂ ಪ್ಯಾರಿಸ್‌ನಲ್ಲಿ 1893ರಲ್ಲಿ ಸ್ಥಾಪಿಸಿದರು. ಆನಿ ಬೆಸೆಂಟ್ 1902ರಲ್ಲಿ ಸೇರಿದ್ದು ಇದಕ್ಕೆ. ಲಂಡನ್ನಿನ ಸಂಸ್ಥೆ ಇದನ್ನು ಮಾನ್ಯ ಮಾಡುವುದಿಲ್ಲ. ಫ್ರಾನ್ಸಿನ ಗ್ರ್ಯಾಂಡ್ ಓರಿಯಂಟ್ 1877ರಲ್ಲಿ ದೇವರಲ್ಲಿ ನಂಬಿಕೆ ಇರಲೇಬೇಕೆಂಬ ಷರತ್ತನ್ನು ತೆಗೆದ ಮೇಲೆ ಅದರೊಂದಿಗೂ ಸಂಬಂಧ ಕಡಿದುಕೊಂಡಿತು. ಯಾರು 'ನಿಜವಾದ' ಫ್ರೀಮೇಸನ್ ಎಂಬ ಆ ಜಗಳದಲ್ಲಿ ನೀವು ತೀರ್ಪು ಕೊಡಬೇಕಿಲ್ಲ. ಯಾವ ಸಂಸ್ಥೆಯ ಸದಸ್ಯ ಎಂದು ಸ್ಪಷ್ಟವಾಗಿ ಬರೆದರೆ ಸಾಕು.

ಹಂತ 4: ಲಾಡ್ಜ್‌ನ ಹೆಸರು, ಸಂಖ್ಯೆ ಖಚಿತಪಡಿಸಿಕೊಳ್ಳಿ

ಇಂಗ್ಲಿಷ್ ಲಾಡ್ಜ್‌ಗಳ ಸಂಖ್ಯೆ ಆಗಾಗ ಬದಲಾಗಿದೆ. ಮುಚ್ಚಿದ ಲಾಡ್ಜ್‌ಗಳ ಜಾಗ ತುಂಬಲು 1740, 1755, 1770, 1780, 1792, 1814, 1832 ಮತ್ತು 1863ರಲ್ಲಿ ಪಟ್ಟಿಯನ್ನು ಹೊಸದಾಗಿ ಕಟ್ಟಿದರು. 1863ರ ಸಂಖ್ಯೆಗಳು ಇಂದಿಗೂ ಚಾಲ್ತಿಯಲ್ಲಿವೆ. 1790ರ ಪತ್ರದಲ್ಲಿ ಕಂಡ ಸಂಖ್ಯೆಯನ್ನು ಇಂದಿನ ಪಟ್ಟಿಯಲ್ಲಿ ಹುಡುಕಿದರೆ ಬೇರೆ ಯಾವುದೋ ಊರಿನ ಲಾಡ್ಜ್ ಸಿಗುತ್ತದೆ, ಅಲ್ಲಿ ನಿಮ್ಮ ವ್ಯಕ್ತಿ ಇರುವುದಿಲ್ಲ, ಹೇಳಿಕೆಯೇ ಸುಳ್ಳು ಎಂಬ ತೀರ್ಮಾನಕ್ಕೆ ಬರುತ್ತೀರಿ. ಲೇನ್ಸ್ ಮೇಸಾನಿಕ್ ರೆಕಾರ್ಡ್ಸ್ ಎಂಬ ಆನ್‌ಲೈನ್ ಸೂಚಿ ಒಂದೊಂದು ಲಾಡ್ಜ್‌ಗೂ ಇದ್ದ ಹಳೆಯ ಸಂಖ್ಯೆಗಳನ್ನೂ ಸಭೆ ಸೇರುತ್ತಿದ್ದ ಸ್ಥಳಗಳನ್ನೂ ವರ್ಷವಾರು ಕೊಡುತ್ತದೆ. ಟಿಪ್ಪಣಿಯಲ್ಲಿ ಸಂಖ್ಯೆಯ ಪಕ್ಕದಲ್ಲಿ ಯಾವ ವರ್ಷದ ಸಂಖ್ಯೆ ಎಂದು ತಪ್ಪದೆ ಬರೆಯಿರಿ.

ಲಾಡ್ಜ್‌ಗಳು ವಿಲೀನವೂ ಆಗುತ್ತವೆ. ವಿಯೆನ್ನಾದಲ್ಲಿ ಚಕ್ರವರ್ತಿ ಎರಡನೇ ಯೋಸೆಫ್ 1785ರ ಡಿಸೆಂಬರಿನಲ್ಲಿ ಲಾಡ್ಜ್‌ಗಳ ಸಂಖ್ಯೆ ಇಳಿಸಿದಾಗ ಮೊಜಾರ್ಟ್ ಅವರ ಲಾಡ್ಜ್ ಬೇರೆಯವುಗಳ ಜೊತೆ ಸೇರಿ ಹೊಸ ಹೆಸರು ಪಡೆಯಿತು. ಎರಡು ಪುಸ್ತಕಗಳಲ್ಲಿ ಎರಡು ಲಾಡ್ಜ್ ಹೆಸರು ಕಂಡರೆ ಎರಡೂ ಸರಿಯಿರಬಹುದು.

'ಲಾಡ್ಜ್' ಎಂಬ ಹೆಸರಿರುವುದೆಲ್ಲ ಫ್ರೀಮೇಸನ್ರಿಯಲ್ಲ ಎಂಬುದೂ ನೆನಪಿರಲಿ. ಆಡ್‌ಫೆಲೋಸ್, ಡ್ರೂಯಿಡ್ಸ್ ಮುಂತಾದ ಸಂಘಗಳಿಗೂ ಲಾಡ್ಜ್‌ಗಳಿದ್ದವು. ವಿನ್‌ಸ್ಟನ್ ಚರ್ಚಿಲ್ 1908ರಲ್ಲಿ ಬ್ಲೆನಮ್ ಅರಮನೆಯಲ್ಲಿ ಗಡ್ಡ ಕಟ್ಟಿಕೊಂಡವರ ನಡುವೆ ಕುಳಿತ ಫೋಟೊ ಒಂದಿದೆ. ಅದು ಡ್ರೂಯಿಡ್ ಸಂಘದ್ದು. ದಕ್ಷಿಣ ಅಮೆರಿಕದ ಸ್ಯಾನ್ ಮಾರ್ಟಿನ್ ಇದ್ದ ಲೌಟಾರೊ ಲಾಡ್ಜ್ ಫ್ರೀಮೇಸನ್ರಿಯೋ ಬರೀ ಕ್ರಾಂತಿಕಾರಿ ರಾಜಕೀಯ ಕೂಟವೋ ಎಂಬ ಚರ್ಚೆ ಮುಗಿದಿಲ್ಲ. ಆಡಮ್ ವೈಸ್‌ಹಾಪ್ಟ್ ಎಂಬ ಪ್ರಾಧ್ಯಾಪಕ 1776ರ ಮೇ 1ರಂದು ಬವೇರಿಯಾದಲ್ಲಿ ಶುರು ಮಾಡಿದ ಇಲ್ಯುಮಿನಾಟಿ ಎಂಬ ರಹಸ್ಯ ಸಂಘ ಇನ್ನೊಂದೇ ಸಂಸ್ಥೆ. ಜರ್ಮನ್ ಕವಿ ಗಯಟೆ ಎರಡಕ್ಕೂ ಸೇರಿದ್ದರು, ಆದರೆ ಬೇರೆ ಬೇರೆ ದಿನ: 1780ರ ಜೂನ್ 23ರಂದು ವೈಮಾರ್‌ನ ಅಮಾಲಿಯಾ ಲಾಡ್ಜ್‌ಗೆ, ಇಲ್ಯುಮಿನಾಟಿಗೆ 1783ರಲ್ಲಿ. ಒಂದರ ದಾಖಲೆ ಇನ್ನೊಂದಕ್ಕೆ ಸಾಕ್ಷಿಯಾಗದು.

ಹಂತ 5: ಮೂಲ ದಾಖಲೆಗೆ ಕೈಹಾಕಿ

ಎಲ್ಲ ದಾಖಲೆಗಳಿಗೂ ಒಂದೇ ತೂಕವಿಲ್ಲ. ಮೊದಲ ಸ್ಥಾನ ಲಾಡ್ಜ್‌ನ ನಡಾವಳಿ ಪುಸ್ತಕಕ್ಕೆ. ಸಭೆ ನಡೆದಂತೆ ಕಾರ್ಯದರ್ಶಿ ಬರೆದದ್ದು ಅದು. ವರ್ಜೀನಿಯಾದ ಫ್ರೆಡರಿಕ್ಸ್‌ಬರ್ಗ್ ಲಾಡ್ಜ್‌ನ ಪುಸ್ತಕದಲ್ಲಿ 1752ರ ನವೆಂಬರ್ 4ರಂದು ಜಾರ್ಜ್ ವಾಷಿಂಗ್ಟನ್ ಪ್ರವೇಶಕ್ಕಾಗಿ 2 ಪೌಂಡ್ 3 ಷಿಲಿಂಗ್ ಕಟ್ಟಿದ ಲೆಕ್ಕವಿದೆ. 1753ರ ಮಾರ್ಚ್ 3ಕ್ಕೆ ಎರಡನೇ ದರ್ಜೆ, ಆಗಸ್ಟ್ 4ಕ್ಕೆ ಮೂರನೆಯದು. ಅಂದು ಆ ಯುವಕ ಯಾರಿಗೂ ಗೊತ್ತಿರದ ಭೂಮಾಪಕ. ದೊಡ್ಡವರ ಹೆಸರು ಸೇರಿಸಿಕೊಳ್ಳೋಣ ಎಂಬ ಆಸೆ ಬರೆದವರಿಗೆ ಇರಲು ಸಾಧ್ಯವೇ ಇರಲಿಲ್ಲ. ವ್ಯಕ್ತಿ ಪ್ರಸಿದ್ಧನಾಗುವ ಮೊದಲೇ ಬಿದ್ದ ದಾಖಲೆಯ ಬೆಲೆ ಇದೇ. ಹಣದ ಲೆಕ್ಕವಂತೂ ಇನ್ನೂ ಗಟ್ಟಿ, ಏಕೆಂದರೆ ಅದು ಪೆಟ್ಟಿಗೆಯ ಮೊತ್ತದೊಂದಿಗೆ ತಾಳೆಯಾಗಬೇಕಿತ್ತು.

ಎರಡನೆಯದು ಗ್ರ್ಯಾಂಡ್ ಲಾಡ್ಜ್‌ಗೆ ಕಳಿಸಿದ ಸದಸ್ಯರ ಪಟ್ಟಿ. ಇಂಗ್ಲೆಂಡಿನ 1751ರಿಂದ 1921ರವರೆಗಿನ ರಿಜಿಸ್ಟರ್‌ಗಳು ಆನ್ಸೆಸ್ಟ್ರಿ ಎಂಬ ವಂಶಾವಳಿ ಜಾಲತಾಣದಲ್ಲಿ ಸ್ಕ್ಯಾನ್ ಆಗಿವೆ. ವಸಾಹತುಗಳಲ್ಲಿದ್ದ ಇಂಗ್ಲಿಷ್ ಲಾಡ್ಜ್‌ಗಳೂ ಅದರಲ್ಲಿ ಸೇರಿವೆ. ಹೆಸರು, ವಯಸ್ಸು, ವಾಸಸ್ಥಳ, ಉದ್ಯೋಗ, ಮೂರು ದರ್ಜೆಗಳ ದಿನಾಂಕ, ವರ್ಷವಾರು ಚಂದಾ ಇವಕ್ಕೆಲ್ಲ ಬೇರೆ ಬೇರೆ ಕಾಲಂ ಇರುತ್ತದೆ. ಹುಡುಕುಪೆಟ್ಟಿಗೆ ತೋರಿಸುವ ಟೈಪ್ ಮಾಡಿದ ಹೆಸರಿಗೇ ನಿಲ್ಲಬೇಡಿ, ಪುಟದ ಚಿತ್ರ ತೆರೆಯಿರಿ. ಹಳೆಯ ಕೈಬರಹ ಓದಿ ಟೈಪ್ ಮಾಡಿದವರು ಹೆಸರು ತಪ್ಪಿರುವುದು ಸಾಮಾನ್ಯ. ಚಂದಾ ಕಾಲಂನಲ್ಲಿ ಕೊನೆಯ ಗುರುತು ಯಾವ ವರ್ಷಕ್ಕೆ ನಿಂತಿದೆ, ಷರಾ ಕಾಲಂನಲ್ಲಿ ರಾಜೀನಾಮೆ ಎಂದಿದೆಯೇ, ಬಾಕಿಗಾಗಿ ತೆಗೆದುಹಾಕಿದೆ ಎಂದಿದೆಯೇ ಎಂಬುದನ್ನೂ ಬರೆದುಕೊಳ್ಳಿ.

ಮೂರನೆಯದು ಸರಕಾರದ ಬಳಿ ಉಳಿದ ಪಟ್ಟಿಗಳು. ಬ್ರಿಟನ್ನಿನ 1799ರ ಕಾಯ್ದೆ ರಹಸ್ಯ ಸಂಘಗಳನ್ನು ನಿಷೇಧಿಸಿತು. ಫ್ರೀಮೇಸನ್ ಲಾಡ್ಜ್‌ಗಳಿಗೆ ವಿನಾಯಿತಿ ಸಿಕ್ಕಿದ್ದು ಪ್ರತಿವರ್ಷ ಸದಸ್ಯರ ಪಟ್ಟಿಯನ್ನು ಜಿಲ್ಲೆಯ ಅಧಿಕಾರಿಗೆ ಕೊಡಬೇಕೆಂಬ ಷರತ್ತಿನ ಮೇಲೆ. ಲಾಡ್ಜ್‌ನ ಸ್ವಂತ ಪುಸ್ತಕ ಬೆಂಕಿಗೋ ಗೆದ್ದಲಿಗೋ ಸಿಕ್ಕಿದ್ದರೂ ಈ ಪಟ್ಟಿಗಳು ಅಲ್ಲಿನ ಜಿಲ್ಲಾ ದಾಖಲಾತಿ ಕಚೇರಿಗಳಲ್ಲಿ ಸಿಗುತ್ತವೆ. ವಿಯೆನ್ನಾದ ಲಾಡ್ಜ್ ಕಾಗದಗಳು ಅಲ್ಲಿನ ರಾಜ್ಯ ಪತ್ರಾಗಾರದಲ್ಲಿವೆ. ಫ್ರಾನ್ಸಿನ ಸದಸ್ಯರಿಗೆ ರಾಷ್ಟ್ರೀಯ ಗ್ರಂಥಾಲಯದ 'ಫಿಷಿಯೆ ಬೊಸ್ಸು' ಎಂಬ ಕಾರ್ಡ್ ಸೂಚಿಯಿಂದ ಶುರು ಮಾಡಿ. ಅದು ಮೂಲ ದಾಖಲೆಯಲ್ಲ, ಮೂಲ ಎಲ್ಲಿದೆ ಎಂದು ತೋರಿಸುವ ಸೂಚಿ.

ಪೊಲೀಸರ ಪಟ್ಟಿಗಳನ್ನು ಮಾತ್ರ ಅರ್ಧ ತೂಕಕ್ಕೆ ಹಿಡಿಯಿರಿ. ಸ್ಪೇನಿನ ಸರ್ವಾಧಿಕಾರಿ ಫ್ರಾಂಕೊ ಆಡಳಿತ 1940ರ ಮಾರ್ಚ್ 1ರ ಕಾನೂನಿನಡಿ ಫ್ರೀಮೇಸನ್‌ಗಳ ಮೇಲೆ ಮೊಕದ್ದಮೆ ಹೂಡಲು ಕಟ್ಟಿದ ಕಡತಗಳು ಸಾಲಮಾಂಕಾದಲ್ಲಿವೆ. ಶಂಕೆಯ ಮೇಲೆ ಹೆಸರು ಬರೆದದ್ದೂ ಅದರಲ್ಲಿದೆ, ಲಾಡ್ಜ್‌ಗಳಿಂದ ಕಿತ್ತು ತಂದ ಅಸಲಿ ಕಾಗದವೂ ಇದೆ. ಎರಡನ್ನೂ ಬೇರ್ಪಡಿಸಿ ಓದಿ.

ವ್ಯಕ್ತಿಯೇ ಬರೆದ ದಿನಚರಿ, ಪತ್ರ ಕೂಡ ಒಳ್ಳೆಯ ಸಾಕ್ಷ್ಯ. ಪುಷ್ಕಿನ್ 1821ರ ಮೇ 4ರಂದು ತಾವು ಮೇಸನ್‌ಗಳಲ್ಲಿ ಸೇರಿದ್ದನ್ನು ದಿನಚರಿಯಲ್ಲಿ ಬರೆದುಕೊಂಡಿದ್ದಾರೆ. ಆಮೇಲಿನವರ ನೆನಪು, ಜೀವನಚರಿತ್ರೆ, ಶ್ರದ್ಧಾಂಜಲಿ ಇವೆಲ್ಲ ಕೊನೆಗೆ. ಚಿತ್ರಪಟಗಳು ಅವಕ್ಕಿಂತಲೂ ಕೆಳಗೆ. ರಾಬರ್ಟ್ ಬರ್ನ್ಸ್ 1781ರ ಜುಲೈ 4ರಂದು ಟಾರ್ಬೋಲ್ಟನ್‌ನಲ್ಲಿ ದೀಕ್ಷೆ ಪಡೆದದ್ದು ನಿಜ. ಆದರೆ ಎಡಿನ್‌ಬರೊ ಲಾಡ್ಜ್ ಒಂದು ಅವರಿಗೆ ಆಸ್ಥಾನಕವಿಯ ಪಟ್ಟ ಕಟ್ಟುತ್ತಿರುವ ಪ್ರಸಿದ್ಧ ಚಿತ್ರ ದಶಕಗಳ ನಂತರ ಬಿಡಿಸಿದ್ದು.

ಹಂತ 6: ಹೆಸರು ಅದೇ ವ್ಯಕ್ತಿಯದೇ?

ರಿಜಿಸ್ಟರ್‌ನಲ್ಲಿ 'ವಿವೇಕಾನಂದ' ಎಂದು ಹುಡುಕಿದರೆ ಏನೂ ಸಿಗದು. 1884ರಲ್ಲಿ ಕಲ್ಕತ್ತದ ಆಂಕರ್ ಅಂಡ್ ಹೋಪ್ ಲಾಡ್ಜ್‌ಗೆ ಸೇರಿದ್ದು ನರೇಂದ್ರನಾಥ ದತ್ತ. ಸನ್ಯಾಸ ಇನ್ನೂ ಮುಂದಿತ್ತು. ದೀಕ್ಷೆಯ ದಿನ ಆ ವ್ಯಕ್ತಿಗೆ ಯಾವ ಹೆಸರಿತ್ತೋ ಅದನ್ನೇ ಹುಡುಕಿ, ಜೊತೆಗೆ ಇಂಗ್ಲಿಷಿನಲ್ಲಿ ಆ ಹೆಸರಿಗಿದ್ದ ಮೂರು ನಾಲ್ಕು ಕಾಗುಣಿತಗಳನ್ನೂ ಹಾಕಿ ನೋಡಿ.

ಸ್ಪೇನ್ ಮತ್ತು ಲ್ಯಾಟಿನ್ ಅಮೆರಿಕದ ಸಂಪ್ರದಾಯದಲ್ಲಿ ಸದಸ್ಯರು ಲಾಡ್ಜ್‌ನೊಳಗೆ ಬೇರೆ ಹೆಸರು ಇಟ್ಟುಕೊಳ್ಳುತ್ತಿದ್ದರು. ಫಿಲಿಪ್ಪೀನ್ಸಿನ ಹೊಸೆ ರಿಸಾಲ್ 'ದಿಮಾಸಲಾಂಗ್' ಆಗಿದ್ದರು, ಮೆಕ್ಸಿಕೊದ ಬೆನಿಟೊ ಹುವಾರೆಸ್ 'ಗಿಯೆರ್ಮೊ ಟೆಲ್'. ಈ ಒಳಹೆಸರು ಗೊತ್ತಿಲ್ಲದೆ ಆ ನಡಾವಳಿಗಳನ್ನು ಓದಿ ಪ್ರಯೋಜನವಿಲ್ಲ.

ಇನ್ನು ಒಂದೇ ಹೆಸರಿನ ಇಬ್ಬರು. ಹೆಸರು ಸಿಕ್ಕಿತೆಂದು ಸಂಭ್ರಮಿಸುವ ಮೊದಲು ವಯಸ್ಸು, ಉದ್ಯೋಗ, ವಾಸಸ್ಥಳ ಈ ಮೂರರಲ್ಲಿ ಕನಿಷ್ಠ ಎರಡನ್ನು ನಿಮ್ಮ ಹಾಳೆಯೊಂದಿಗೆ ತಾಳೆ ನೋಡಿ. ತಂದೆ, ಅಣ್ಣತಮ್ಮಂದಿರ ದಾಖಲೆಯನ್ನು ಪ್ರಸಿದ್ಧನಿಗೆ ಅಂಟಿಸುವುದೂ ಸಾಮಾನ್ಯ. ನೆಪೋಲಿಯನ್ ಸೋದರ ಜೋಸೆಫ್ 1804ರಲ್ಲಿ ಗ್ರ್ಯಾಂಡ್ ಓರಿಯಂಟಿನ ಗ್ರ್ಯಾಂಡ್ ಮಾಸ್ಟರ್ ಆದರು. ನೆಪೋಲಿಯನ್ ದೀಕ್ಷೆಗೆ ಒಪ್ಪಬಹುದಾದ ದಾಖಲೆ ಇಲ್ಲ. ವೇಸ್ಟ್‌ಕೋಟಿನೊಳಗೆ ಕೈ ಇಟ್ಟ ಆ ಭಂಗಿ ಆ ಕಾಲದ ಗಣ್ಯರ ಭಾವಚಿತ್ರಗಳಲ್ಲಿ ಸರ್ವೇಸಾಮಾನ್ಯವಾಗಿತ್ತು. ಅದನ್ನು ರಹಸ್ಯ ಸನ್ನೆ ಎನ್ನುವುದಕ್ಕೆ ಆಧಾರವಿಲ್ಲ.

ಹಂತ 7: ದಿನಾಂಕವನ್ನು ನಮ್ಮ ಕ್ಯಾಲೆಂಡರಿಗೆ ತನ್ನಿ

ಲಾಡ್ಜ್ ಕಾಗದದಲ್ಲಿ '5784' ಎಂದು ಕಂಡರೆ ಗಾಬರಿ ಬೇಡ. ಫ್ರೀಮೇಸನ್‌ಗಳು 'ಬೆಳಕಿನ ವರ್ಷ' ಎಂದು ಕ್ರಿಸ್ತಶಕಕ್ಕೆ 4000 ಕೂಡಿಸಿ ಬರೆಯುತ್ತಾರೆ. 5784 ಎಂದರೆ 1784. ಫ್ರೆಂಚ್ ಲಾಡ್ಜ್‌ಗಳಲ್ಲಿ ಒಂದು ಹೆಚ್ಚಿನ ತೊಡಕಿದೆ. ಅಲ್ಲಿ ವರ್ಷ ಶುರುವಾಗುವುದು ಮಾರ್ಚ್ 1ಕ್ಕೆ, ತಿಂಗಳಿಗೆ ಹೆಸರಿಲ್ಲ, ಸಂಖ್ಯೆ ಮಾತ್ರ. ವೊಲ್ಟೇರ್ ದೀಕ್ಷೆ ಪಡೆದ 1778ರ ಏಪ್ರಿಲ್ 7 ಆ ಲೆಕ್ಕದಲ್ಲಿ 5778ರ ಎರಡನೇ ತಿಂಗಳ 7ನೇ ದಿನ. ಹನ್ನೊಂದು, ಹನ್ನೆರಡನೇ ತಿಂಗಳು ಬಂದರೆ ಎಚ್ಚರ: '5784ರ 11ನೇ ತಿಂಗಳ 13' ಎಂದರೆ 1785ರ ಜನವರಿ 13. 4000 ಕಳೆದು 1784 ಎಂದು ಬರೆದವರು ಒಂದು ವರ್ಷ ಹಿಂದೆ ಬೀಳುತ್ತಾರೆ. ಸ್ಕಾಟಿಷ್ ರೈಟ್ ಪತ್ರಗಳಲ್ಲಿ ಕೂಡಿಸುವ ಸಂಖ್ಯೆ 3760.

ಇಂಗ್ಲೆಂಡಿನಲ್ಲಿ 1752ಕ್ಕೆ ಮುಂಚೆ ಹೊಸ ವರ್ಷ ಮಾರ್ಚ್ 25ಕ್ಕೆ. ಹಾಗಾಗಿ ಜನವರಿ 1ರಿಂದ ಮಾರ್ಚ್ 24ರವರೆಗಿನ ಹಳೆಯ ದಿನಾಂಕಗಳಿಗೆ ವರ್ಷ ಒಂದು ಹೆಚ್ಚಿಸಿಕೊಳ್ಳಬೇಕು. ರಷ್ಯದ 19ನೇ ಶತಮಾನದ ದಿನಾಂಕಗಳಿಗೆ 12 ದಿನ ಕೂಡಿಸಿ. ಪುಷ್ಕಿನ್ ಬರೆದ ಮೇ 4 ನಮ್ಮ ಮೇ 16.

ಹಂತ 8: ಎಲ್ಲಿಯವರೆಗೆ ಹೋದರು, ಎಷ್ಟು ಕಾಲ ಉಳಿದರು?

ದೀಕ್ಷೆಯ ದಿನಾಂಕ ಸಿಕ್ಕೊಡನೆ 'ಜೀವನಪರ್ಯಂತ ಫ್ರೀಮೇಸನ್' ಎಂದು ಬರೆಯುವ ಚಾಳಿ ಇದೆ. ವೊಲ್ಟೇರ್ 83ನೇ ವಯಸ್ಸಿನಲ್ಲಿ ಪ್ಯಾರಿಸ್‌ನ ಲೇ ನೆಫ್ ಸೋರ್ ಲಾಡ್ಜ್‌ಗೆ ಸೇರಿ ಎರಡು ತಿಂಗಳು ತುಂಬುವ ಮೊದಲೇ, ಮೇ 30ರಂದು, ತೀರಿಕೊಂಡರು. ಅವರ ಬರಹಗಳನ್ನೆಲ್ಲ ಫ್ರೀಮೇಸನ್ ವಿಚಾರದ ಫಲ ಎನ್ನುವುದು ಹೇಗೆ? ಹೇಡನ್ 1785ರ ಫೆಬ್ರುವರಿ 11ರಂದು ವಿಯೆನ್ನಾದಲ್ಲಿ ದೀಕ್ಷೆ ಪಡೆದರು, ಮತ್ತೆ ಲಾಡ್ಜ್ ಸಭೆಗೆ ಬಂದ ದಾಖಲೆಯೇ ಇಲ್ಲ. ಅದೇ ಊರಿನ ಮೊಜಾರ್ಟ್ ಲಾಡ್ಜ್‌ಗಾಗಿ ಸಂಗೀತ ಬರೆದು ಕೊನೆಯವರೆಗೂ ಉಳಿದರು. ಎರಡನ್ನೂ ಒಂದೇ ಮಾತಿನಲ್ಲಿ ಹೇಳಿ ಮುಗಿಸುವುದು ಇಬ್ಬರಿಗೂ ಅನ್ಯಾಯ.

ಲಿಂಡನ್ ಜಾನ್ಸನ್ 1937ರಲ್ಲಿ ಮೊದಲ ದರ್ಜೆ ಪಡೆದು ಅಲ್ಲಿಗೇ ನಿಲ್ಲಿಸಿದರು. ಅಮೆರಿಕದ ಅಧ್ಯಕ್ಷರಲ್ಲಿ ಫ್ರೀಮೇಸನ್‌ಗಳು 14 ಎಂದು ಒಂದು ಕಡೆ, 15 ಎಂದು ಇನ್ನೊಂದು ಕಡೆ ಓದಿರುತ್ತೀರಿ. ವ್ಯತ್ಯಾಸ ಬರುವುದು ಈ ಒಂದು ಹೆಸರಿನಿಂದ. ಟಾಫ್ಟ್ ಅವರನ್ನು 1909ರಲ್ಲಿ ಗ್ರ್ಯಾಂಡ್ ಮಾಸ್ಟರ್ ತಮ್ಮ ವಿಶೇಷಾಧಿಕಾರದಿಂದ, ರೂಢಿಯ ಕಾಯುವಿಕೆ ಇಲ್ಲದೆ, ಸದಸ್ಯರನ್ನಾಗಿ ಮಾಡಿದರು. ಅದು ಪೂರ್ಣ ಸದಸ್ಯತ್ವವೇ. ರೇಗನ್ ಅವರಿಗೆ 1988ರಲ್ಲಿ ಸಿಕ್ಕಿದ್ದು ಗೌರವ ಪತ್ರ, ಅದು ಸದಸ್ಯತ್ವವಲ್ಲ.

ಸದಸ್ಯರಾದ ಮಾತ್ರಕ್ಕೆ ಫ್ರೀಮೇಸನ್ರಿಯ ಬೆಂಬಲಿಗರೆಂದೂ ತಿಳಿಯಬೇಡಿ. ಸಿಮೋನ್ ಬೊಲಿವಾರ್ ಹೆಸರು ಪ್ಯಾರಿಸ್ ಲಾಡ್ಜ್ ಒಂದರ 1805ರ ಕಾಗದದಲ್ಲಿದೆ. ಅದೇ ಬೊಲಿವಾರ್ 1828ರಲ್ಲಿ ರಹಸ್ಯ ಸಂಘಗಳನ್ನು ನಿಷೇಧಿಸಿ ಆಜ್ಞೆ ಹೊರಡಿಸಿದರು.

ಹಂತ 9: ಪತ್ರಾಗಾರಕ್ಕೆ ಬರೆಯಿರಿ

ಆನ್‌ಲೈನ್‌ನಲ್ಲಿ ಸಿಗದಿದ್ದರೆ ಗ್ರ್ಯಾಂಡ್ ಲಾಡ್ಜ್‌ನ ಗ್ರಂಥಾಲಯಕ್ಕೆ ಬರೆಯಬಹುದು. ಇಂಗ್ಲೆಂಡಿನ ಮಟ್ಟಿಗೆ ಲಂಡನ್ನಿನ ಗ್ರೇಟ್ ಕ್ವೀನ್ ಸ್ಟ್ರೀಟ್‌ನ ಮ್ಯೂಸಿಯಂ ಆಫ್ ಫ್ರೀಮೇಸನ್ರಿ. 'ಇಂಥವರು ಫ್ರೀಮೇಸನ್ ಆಗಿದ್ದರೇ?' ಎಂದು ಒಂದೇ ಸಾಲು ಬರೆದರೆ ಸಿದ್ಧ ಉತ್ತರ ಬರುತ್ತದೆ. ಪೂರ್ತಿ ಹೆಸರು, ಹುಟ್ಟಿದ ವರ್ಷ, ಉದ್ಯೋಗ, ಹುಡುಕಬೇಕಾದ ಊರು, ಐದು ಹತ್ತು ವರ್ಷಗಳ ಗಡಿ, ನೀವು ಈಗಾಗಲೇ ನೋಡಿ ಮುಗಿಸಿದ ರಿಜಿಸ್ಟರ್‌ಗಳು, ಇಷ್ಟನ್ನು ತಿಳಿಸಿ, ದೀಕ್ಷೆಯ ನಮೂದಿನ ಪ್ರತಿ ಬೇಕೆಂದು ಕೇಳಿ. 'ದಾಖಲೆ ಸಿಗಲಿಲ್ಲ' ಎಂಬ ಉತ್ತರ ಬಂದರೆ, ಆ ಕಾಲದ ಪುಸ್ತಕ ಇದ್ದೂ ಹೆಸರಿಲ್ಲವೋ, ಪುಸ್ತಕವೇ ಉಳಿದಿಲ್ಲವೋ ಎಂದು ಮತ್ತೊಂದು ಪತ್ರ ಬರೆಯಲೇಬೇಕು. ಈ ಎರಡು ಉತ್ತರಗಳ ನಡುವೆ ಅಜಗಜಾಂತರವಿದೆ.

ಹಂತ 10: ತೀರ್ಮಾನವನ್ನು ನಾಲ್ಕರಲ್ಲಿ ಒಂದು ಸಾಲಿಗೆ ಹಾಕಿ

ಖಚಿತ: ಆ ಕಾಲದ ಲಾಡ್ಜ್ ದಾಖಲೆ ಇದೆ. ವಾಷಿಂಗ್ಟನ್, ಮೊಜಾರ್ಟ್, ಗಯಟೆ, ಕಿಪ್ಲಿಂಗ್ ಈ ಸಾಲಿನವರು.

ಸದಸ್ಯತ್ವ ಖಚಿತ, ವಿವರ ಅಸ್ಪಷ್ಟ: ಫ್ರೆಂಚ್ ಸೇನಾನಿ ಲಫಯೆಟ್ ಅವರು ಲಾಡ್ಜ್ ಸಭೆಗಳಲ್ಲಿ ಸದಸ್ಯರಾಗಿ ಭಾಗವಹಿಸಿದ್ದು ನಿಸ್ಸಂಶಯ, ಮೊದಲ ದೀಕ್ಷೆ ಎಲ್ಲಿ ಎಂಬುದರಲ್ಲಿ ಒಮ್ಮತವಿಲ್ಲ.

ಸಾಬೀತಾಗಿಲ್ಲ: ರೆನ್ ಅವರಂತೆ, ಸುಳಿವಿದೆ, ದಾಖಲೆಯಿಲ್ಲ. ಜೆಫರ್ಸನ್, ಬೀಥೋವನ್, ನ್ಯೂಟನ್‌ಗೆ ಸುಳಿವೂ ತೆಳು.

ಅಲ್ಲ ಎಂಬುದಕ್ಕೇ ದಾಖಲೆ ಇದೆ: ಇದು ಅಪರೂಪ. ಲಿಂಕನ್ ಹತ್ಯೆಯಾದ ಮೇಲೆ, 1865ರ ಏಪ್ರಿಲ್ 17ರಂದು, ಸ್ಪ್ರಿಂಗ್‌ಫೀಲ್ಡ್‌ನ ಟಿರಿಯನ್ ಲಾಡ್ಜ್ ಸಂತಾಪ ನಿರ್ಣಯ ಮಾಡಿತು. ತಮ್ಮ ಉದ್ದೇಶಕ್ಕೆ ಅಪಾರ್ಥ ಬರಬಾರದೆಂದು ಲಿಂಕನ್ ಅರ್ಜಿ ಹಾಕುವುದನ್ನು ಮುಂದೂಡಿದ್ದರು ಎಂಬುದು ಆ ನಿರ್ಣಯದಲ್ಲಿದೆ.

ಪ್ರಸಿದ್ಧರ ಪಟ್ಟಿಗಳನ್ನು ಉಬ್ಬಿಸುವವರು ಎರಡೂ ಕಡೆ ಇದ್ದಾರೆ. ಹೆಮ್ಮೆಗಾಗಿ ಹೆಸರು ಸೇರಿಸುವ ಸದಸ್ಯರು ಒಂದು ಕಡೆ, ಭಯ ಹುಟ್ಟಿಸಲು ಸೇರಿಸುವ ವಿರೋಧಿಗಳು ಇನ್ನೊಂದು ಕಡೆ. ಅಮೆರಿಕದ ಸ್ವಾತಂತ್ರ್ಯ ಘೋಷಣೆಗೆ ಸಹಿ ಹಾಕಿದ 56 ಜನರಲ್ಲಿ ಹೆಚ್ಚುಕಡಿಮೆ ಎಲ್ಲರೂ ಫ್ರೀಮೇಸನ್‌ಗಳು ಎಂಬ ಮಾತು ಇಂದಿಗೂ ಓಡಾಡುತ್ತಿದೆ. ಗಟ್ಟಿ ಆಧಾರವಿರುವುದು ಒಂಬತ್ತರ ಆಸುಪಾಸು. ವಿರೋಧಿ ಬರಹಗಳಲ್ಲಿ ಫ್ರಾನ್ಸಿನ ಲಿಯೊ ತಕ್ಸಿಲ್ ಕಡೆಯಿಂದ ಬಂದದ್ದೇನಾದರೂ ಇದ್ದರೆ ಸಂಪೂರ್ಣ ಬಿಡಿ. ಸೈತಾನಪೂಜೆಯ ಕತೆಗಳನ್ನು ವರ್ಷಗಟ್ಟಲೆ ಅಚ್ಚು ಹಾಕಿಸಿ, ಎಲ್ಲವೂ ಕಟ್ಟುಕತೆ ಎಂದು 1897ರ ಏಪ್ರಿಲ್ 19ರಂದು ಪ್ಯಾರಿಸ್‌ನ ಸಭೆಯಲ್ಲಿ ತಕ್ಸಿಲ್ ಒಪ್ಪಿಕೊಂಡರು. ಅವರ ಹೆಸರು ಬಿಟ್ಟು ಆ ಕತೆಗಳನ್ನು ಇಂದಿಗೂ ಹಂಚುವವರಿದ್ದಾರೆ.

ಲೇಖನದಲ್ಲೋ ಭಾಷಣದಲ್ಲೋ ಬಳಸುವಾಗ ಆಧಾರವನ್ನು ಬೇರೆಯವರು ಮತ್ತೆ ಹುಡುಕಿ ನೋಡುವಂತೆ ಬರೆಯಿರಿ. ಲಾಡ್ಜ್, ಸಂಖ್ಯೆ, ಊರು, ದರ್ಜೆವಾರು ದಿನಾಂಕ, ಬಿಟ್ಟಿದ್ದರೆ ಯಾವಾಗ, ಜೊತೆಗೆ ನೀವು ಕಣ್ಣಾರೆ ಕಂಡದ್ದು ನಡಾವಳಿಯೋ ರಿಜಿಸ್ಟರೋ ಸೂಚಿಯೋ ಎಂಬುದು. ಉದಾಹರಣೆಗೆ: 'ವಿನ್‌ಸ್ಟನ್ ಚರ್ಚಿಲ್, ಸ್ಟಡ್‌ಹೋಮ್ ಲಾಡ್ಜ್, ಸಂಖ್ಯೆ 1591, ಲಂಡನ್, ದೀಕ್ಷೆ 24 ಮೇ 1901, ಮಾಸ್ಟರ್ ಮೇಸನ್ 25 ಮಾರ್ಚ್ 1902, ರಾಜೀನಾಮೆ ಜುಲೈ 1912.'